ಅರ್ಧಕ್ಕೆ ಮುಗಿದ ಸಾಲ

ನವೆಂಬರ್ 5, ಬುಧವಾರ. ಮುದ್ದೇಬಿಹಾಳ

ಮೊದಲಿಗೇ ಮಾಫಿ ಕೇಳುತ್ತೇನೆ. ಇದು ಅನಾಟಮಿ ರೆಕಾರ್ಡ್ ಬರೆಯಲೆಂದು ಅಪ್ಪ ಕೊಡಿಸಿದ ನೋಟ್‌ಬುಕ್. ಒಂದು ಬದಿ ಗೆರೆ, ಒಂದು ಬದಿ ಖಾಲಿ. ಇಲ್ಲಿ ಎಲುಬಿನ ಚಿತ್ರ ಬರಬೇಕಿತ್ತು, ನನ್ನ ಗೋಳಲ್ಲ. ಸ್ಕೂಲ್ ಹಾಸ್ಟೆಲ್ಲಿನಲ್ಲಿ ವಾರ್ಡನ್ ಮ್ಯಾಡಮ್ ಶನಿವಾರಕ್ಕೊಮ್ಮೆ ನಮ್ಮ ಡೈರಿ ಚೆಕ್ ಮಾಡುತ್ತಿದ್ದರು. ಹಾಗಾಗಿ ಐದು ವರ್ಷ ‘ಇಂದು ಬೇಗ ಎದ್ದೆ, ಸಂತೋಷವಾಯಿತು’ ಎಂದೇ ಬರೆದಿದ್ದೇನೆ. ನಿಜ ಬರೆದು ಅಭ್ಯಾಸವಿಲ್ಲ. ಆದರೆ ಇವತ್ತು ಎಲ್ಲಾದರೂ ಹೇಳಿಕೊಳ್ಳದಿದ್ದರೆ ನಿದ್ದೆ ಬರುವುದಿಲ್ಲ.

ಬ್ಯಾಂಕಿಗೆ ಹೋಗಿದ್ದೆ. ಫೀಸಿನ ಎರಡನೇ ಕಂತನ್ನು ಫೆಬ್ರುವರಿ ಹತ್ತರೊಳಗೆ ಕಟ್ಟಬೇಕು. ಕಟ್ಟದಿದ್ದರೆ ಪರೀಕ್ಷೆಯ ಫಾರ್ಮ್ ತೆಗೆದುಕೊಳ್ಳುವುದಿಲ್ಲ, ವರ್ಷ ಹೋಯಿತು. ಎಜುಕೇಶನ್ ಲೋನ್ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದ ಮೇಲೆ ಅಪ್ಪ ನನ್ನನ್ನು ನರ್ಸಿಂಗಿಗೆ ಸೇರಿಸಿದ್ದು. ಮ್ಯಾನೇಜರ್ ಭುವನೇಶ್ವರಿ ಮ್ಯಾಡಮ್ ಅಪ್ಪನ ಪ್ಯಾನ್ ನಂಬರ್ ಹಾಕಿ ಸ್ಕ್ರೀನ್ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ನಿಮ್ಮ ತಂದಿದು ಒಂದು ಸಾಲ ಸೆಟಲ್ಡ್ ಅಂತ ತೋರಸಾಕತ್ತೈತಿ ನೋಡವಾ.”

ಸೆಟಲ್ ಆಗಿದ್ದರೆ ಒಳ್ಳೆಯದೇ ಅಲ್ಲವೇನ್ರಿ ಎಂದು ಕೇಳಿದೆ. ಅಲ್ಲವಂತೆ. ಪೂರ್ತಿ ಕೊಡಲಾಗದೆ ಅರ್ಧಕ್ಕೆ ಮುಗಿಸಿಕೊಂಡವರು ಎಂದು ಅದರ ಅರ್ಥವಂತೆ. ಮುಂದೆ ಸಾಲ ಕೊಡುವವರು ಮೊದಲು ನೋಡುವುದೇ ಆ ಗೆರೆಯನ್ನಂತೆ. ಸಾಲ ತೀರಿಸಿದ ರೀತಿಗೆ ಬೀಳುವ ಸ್ಕೋರ್ ಅಪ್ಪನದು 571. ನನಗೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಬಂದಿತ್ತು, ಆದರೆ ಅದು 625ಕ್ಕೆ. ಇದು 900ಕ್ಕೆ.

ತಂದೆಯ ಬದಲು ಹತ್ತಿರದ ಸಂಬಂಧಿಕರು ಯಾರಾದರೂ ಜೊತೆ ಸಹಿ ಹಾಕಿದರೂ ನಡೆಯುತ್ತದೆ, ಅವರ ರೆಕಾರ್ಡ್ ಕ್ಲೀನ್ ಇರಬೇಕು ಎಂದರು. ಬಾಗಿಲು ದಾಟುವುದರೊಳಗೆ ಇಂಡಿ ಊರಿನ ತಬ್ರೇಜ ಮಾಮಾನ ಮುಖ ಕಣ್ಣ ಮುಂದೆ ಬಂತು. ಅವ್ವನ ತಮ್ಮ, ಲಿಂಬೆಹಣ್ಣಿನ ವ್ಯಾಪಾರ. ಬೈಕಿನ ಕಂತು ಒಂದು ದಿನ ತಡ ಮಾಡಿದವನಲ್ಲ, ಮಾಡಿಲ್ಲವೆಂದು ಮೂರು ತಾಲ್ಲೂಕಿಗೆ ಹೇಳಿಕೊಂಡು ಬಂದವನು. ಪ್ರಾಬ್ಲೆಮ್ ಸಾಲ್ವ್ಡ್.

ಆದರೂ ಕ್ಲಾಸಿನಲ್ಲಿ ತುಂಬಿಸಿಕೊಂಡ ಫಾರ್ಮಿನ ತಂದೆಯ ಉದ್ಯೋಗದ ಕಾಲಮ್ಮಿನಲ್ಲಿ ‘ಬಿಸಿನೆಸ್’ ಎಂದು ಬರೆದುಕೊಟ್ಟು ಬಂದೆ. ಗಾದಿ ಹೊಲಿಯುವುದೂ ಬಿಸಿನೆಸ್ಸೇ. ಸುಳ್ಳೇನಲ್ಲ.

ನವೆಂಬರ್ 6

ಮಾಮಾ ಒಪ್ಪಿದ. ನಗುತ್ತಲೇ ಒಪ್ಪಿದ. “ಸಹಿ ಏನವಾ, ಹತ್ತು ಹಾಕ್ತೇನಿ. ಆದ್ರ ಭಾವಗ ನೀನ ಮೊದ್ಲ ಹೇಳು. ನಾಳೆ ನನ್ನ ಮ್ಯಾಲೆ ಬರೂದು ಬ್ಯಾಡ, ಅವನ ಮಗಳನ್ನ ನಾನು ಎತ್ಕೊಂಡ್ ಹೋದೆ ಅಂತ.”

ಭಾನುವಾರ ಊರಿಗೆ ಹೋಗಿ ಹೇಳುತ್ತೇನೆ ಎಂದೆ. ಹೇಳುವುದು ಹೇಗೆಂದು ನಾಲ್ಕು ಸಲ ಬರೆದು ನಾಲ್ಕೂ ಹೊಡೆದು ಹಾಕಿದೆ.

ನವೆಂಬರ್ 9, ಭಾನುವಾರ. ನಮ್ಮೂರು ಮಸೂತಿ

ಎಲ್ಲ ಹಾಳು ಮಾಡಿಬಿಟ್ಟೆ.

ಬೆಳಿಗ್ಗೆ ಅಪ್ಪನ ಹಿಂದೆ ಬೈಕಿನಲ್ಲಿ ಬಸವನ ಬಾಗೇವಾಡಿಗೆ ಹೋದೆ. ಗಾದಿಗೆ ತುಂಬುವ ಹತ್ತಿಯ ಅರಳಿಯನ್ನು ಅಪ್ಪ ಯಾವಾಗಲೂ ಶಂಕ್ರೆಪ್ಪ ಸಾಹುಕಾರರ ಅಂಗಡಿಯಿಂದಲೇ ತರುವುದು. ನಮ್ಮ ಅರಳಿ ಹಿಂಜುವ ಮಷಿನ್ನಿನ ಸಾಲವನ್ನು ಫೈನಾನ್ಸಿನವರು ಬಂದು ಮುಗಿಸಿದ್ದೂ ಆ ಅಂಗಡಿಯಲ್ಲೇ ಎಂದು ಅವ್ವ ಒಮ್ಮೆ ಹೇಳಿದ್ದು ನೆನಪಿತ್ತು. ಅಪ್ಪನ ಮುಖ ನೋಡಿ ಕೇಳುವ ಧೈರ್ಯವಿಲ್ಲ. ಸಾಹುಕಾರರನ್ನು ಕ್ಯಾಶುವಲ್ ಆಗಿ ಕೇಳಿದರೆ ಮಾತು ತಾನೇ ಹೊರಗೆ ಬರುತ್ತದೆ ಎಂದು ಲೆಕ್ಕ ಹಾಕಿದೆ. ಹಾಸ್ಟೆಲ್ ಬುದ್ಧಿ.

ಅಂಗಡಿಯಲ್ಲಿ ನಾಲ್ಕೈದು ಗಿರಾಕಿ ಇದ್ದರು. ಸಾಹುಕಾರರು ತೂಕ ಮಾಡುತ್ತಿದ್ದರು. ನಾನು ಕೇಳಿದೆ, “ಅಜ್ಜಾರ, ನಮ್ಮಪ್ಪನ ಫೈನಾನ್ಸ್ ಸಾಲ ಅರ್ಧಕ್ಕ ಬಿಟ್ರಲ್ಲರಿ, ಅದರ ಪೇಪರ್ ನಿಮ್ಮ ಕಡೆ ಅದಾವೇನ್ರಿ?”

ಸಾಹುಕಾರರು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. ಒಬ್ಬ ಗಿರಾಕಿ ನನ್ನನ್ನು ನೋಡಿ ಅಪ್ಪನನ್ನು ನೋಡಿದ. ಅಪ್ಪ ಮೆಟ್ಟಿಲಿಳಿದು ಬೈಕಿನ ಹತ್ತಿರ ಹೋಗಿ ನಿಂತ. ಅರಳಿ ಕಟ್ಟಿಸಿಕೊಳ್ಳಲಿಲ್ಲ. ಖಾಲಿ ಬೈಕಿನಲ್ಲಿ ಊರಿಗೆ ಬಂದೆವು. ದಾರಿಯುದ್ದಕ್ಕೂ ಅವನ ಬೆನ್ನು ಮಾತ್ರ ಕಾಣಿಸುತ್ತಿತ್ತು.

ಮನೆಯಲ್ಲಿ ಅವ್ವ ಹೇಳಿದ ಮೇಲೆ ಗೊತ್ತಾಯಿತು. ಆ ಅಂಗಡಿ ಸಾಲಿನವರದೊಂದು ರೂಢಿ ಇದೆ. ಯಾರದಾದರೂ ಬಾಕಿ ಸಿಕ್ಕಿಕೊಂಡರೆ ಇಬ್ಬರು ಮೂವರು ಹಿರಿಯರು ಕೂತು ಇಷ್ಟಕ್ಕೆ ಮುಗಿಯಿತು ಎಂದು ಒಂದು ಮಾತು ಹೇಳುತ್ತಾರೆ. ಬಿಟ್ಟುಕೊಟ್ಟವನು ಚಹಾ ತರಿಸುತ್ತಾನೆ. ಕುಡಿದು ಎಲ್ಲರೂ ಕಪ್ಪನ್ನು ಬೋರಲು ಹಾಕುತ್ತಾರೆ. ಅಲ್ಲಿಗೆ ಆ ಬಾಕಿ ಇರಲೇ ಇಲ್ಲ ಎಂದಂತೆ. ಮರುದಿನವೇ ಅವನಿಗೆ ರೊಕ್ಕ ಕೇಳದೆ ಮಾಲು ಉದ್ರಿ ಕೊಡುತ್ತಾರೆ. ಲಾಕ್‌ಡೌನಿನಲ್ಲಿ ಮದುವೆಗಳಿಲ್ಲದೆ ಗಾದಿ ಕೇಳುವವರೇ ಇಲ್ಲದಾದಾಗ ಕಂತು ತಪ್ಪಿತು. ಫೈನಾನ್ಸಿನ ಹುಡುಗ ಅನಿಲ ಬಂದು ಎಂಬತ್ತು ಸಾವಿರದ ಬಾಕಿಯನ್ನು ನಲವತ್ತೈದಕ್ಕೆ ಒಪ್ಪಿದಾಗ ಅಪ್ಪ ಅವನನ್ನು ಶಂಕ್ರೆಪ್ಪನವರ ಅಂಗಡಿಗೇ ಕರೆದುಕೊಂಡು ಹೋಗಿದ್ದ. ಅಲ್ಲಿಯೇ ಚಹಾ ಆಗಿತ್ತು.

“ಬೋರಲು ಹಾಕಿದ್ದನ್ನ ಎತ್ತಬಾರದು ಹುಮಾ,” ಎಂದಳು ಅವ್ವ. “ನಾ ಅವನ ಹೆಂಡ್ತಿ, ನಾ ಅವನ ಮುಂದ ಇಲ್ಲೀತನಕ ಎತ್ತಿಲ್ಲ. ನೀ ಅಂಗಡ್ಯಾಗ ನಿಂತು ಎತ್ತಿದಿ.”

ನನಗೆ ಯಾರು ಹೇಳಿದ್ದರು? ಆರನೇ ಕ್ಲಾಸಿನಿಂದ ನಾನು ಇಲ್ಲಿರಲೇ ಇಲ್ಲವಲ್ಲ.

ನವೆಂಬರ್ 10

ಅಪ್ಪ ಬಸ್ ಸ್ಟ್ಯಾಂಡಿಗೆ ಬಿಟ್ಟ. ಟಿಕೆಟ್ಟಿಗೆ ದುಡ್ಡು ಕೊಟ್ಟ. ಅಷ್ಟೇ.

ನವೆಂಬರ್ 14, ಶುಕ್ರವಾರ

ಮಾಮಾನ ಫಾರ್ಮ್ ಬಂತು. ಎಲ್ಲ ಕಡೆ ಸಹಿ, ಆಧಾರ್ ಜೆರಾಕ್ಸ್, ಎರಡು ಫೋಟೋ. ಫೋಟೋದಲ್ಲಿಯೂ ನಗುತ್ತಿದ್ದಾನೆ. ಅವನೇ ಅಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿದನಂತೆ. ಅಪ್ಪ ‘ಛಲೋ ಆತು’ ಎಂದನಂತೆ.

ಇವತ್ತೇ ಕೊಟ್ಟುಬಿಡಬಹುದಿತ್ತು. ಬ್ಯಾಂಕಿನ ತನಕ ಹೋದೆ ಕೂಡ. ಒಳಗೆ ಗದ್ದಲ ಬಹಳ ಇತ್ತು, ವಾಪಸ್ ಬಂದೆ. ಫೆಬ್ರುವರಿಗೆ ಇನ್ನೂ ಟೈಮ್ ಇದೆ.

ಅಪ್ಪನಿಗೆ ಮೂರು ಸಲ ಫೋನ್ ಮಾಡಿದೆ. ಮೂರೂ ಸಲ ಅವ್ವನೇ ಎತ್ತಿದಳು.

ನವೆಂಬರ್ 22, ಶನಿವಾರ

ಇವತ್ತು ಸಿಂದಗಿಗೆ ಹೋಗಿ ಬಂದೆ, ಕ್ಲಾಸ್ ತಪ್ಪಿಸಿ. ಲೈಫಿನಲ್ಲಿ ಮೊದಲ ಸಲ ಬಂಕ್ ಮಾಡಿದ್ದು ಸಾಲದ ಏಜೆಂಟನೊಬ್ಬನನ್ನು ಹುಡುಕಿಕೊಂಡು ಹೋಗಲು. ರೂಮಿನವರಿಗೆ ಹೇಳಿದರೆ ನಗುತ್ತಾರೆ.

ಅನಿಲ ಈಗ ಅಲ್ಲಿ ಮೊಬೈಲ್ ಕವರ್, ಚಾರ್ಜರ್ ಮಾರುವ ಅಂಗಡಿ ಇಟ್ಟಿದ್ದಾನೆ. ವಿಳಾಸ ಅವ್ವ ಕೊಟ್ಟಳು. ಹ್ಯಾಗೆ ಇಟ್ಟುಕೊಂಡಿದ್ದಳೋ, ಕೇಳಲಿಲ್ಲ. ನಾನು ಕುತುಬುದ್ದೀನ ನದಾಫರ ಮಗಳು ಎಂದಾಗ ಅವನಿಗೆ ಕೂಡಲೇ ನೆನಪಾಗಲಿಲ್ಲ. ಗಾದಿ, ಬಾಗೇವಾಡಿ, ಅರಳಿ ಅಂಗಡಿ, ಚಹಾ ಎಂದು ಒಂದೊಂದೇ ಹೇಳಿದೆ. ಚಹಾ ಎಂದದ್ದಕ್ಕೆ ನೆನಪಾಯಿತು.

ಕೆಟ್ಟವನಲ್ಲ. ಸ್ಟೂಲ್ ಕೊಟ್ಟ. ಆ ತಿಂಗಳು ಹನ್ನೊಂದು ಖಾತೆ ಮುಗಿಸಿದರೆ ಇನ್ಸೆಂಟಿವ್ ಇತ್ತು, ನಿಮ್ಮಪ್ಪನದು ಹತ್ತನೆಯದೋ ಹನ್ನೊಂದನೆಯದೋ ಇರಬೇಕು ಎಂದ. ಅರ್ಧಕ್ಕೆ ಮುಗಿದರೆ ರೆಕಾರ್ಡಿನಲ್ಲಿ ಏನು ಬೀಳುತ್ತದೆ ಎಂದು ಅಪ್ಪನಿಗೆ ಹೇಳಿದ್ದಿರಾ ಎಂದು ಕೇಳಿದೆ. ಲೆಟರಿನಲ್ಲಿ ಬರೆದಿರುತ್ತದಲ್ಲ ಎಂದ. ಲೆಟರು ಇಂಗ್ಲಿಷಿನಲ್ಲಿತ್ತು.

ಆಮೇಲೆ ಕಪ್ಪಿನ ವಿಷಯ ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಬಸ್ಸಿನಲ್ಲಿ ಬರುವಾಗ ಅದೊಂದೇ ತಲೆಯಲ್ಲಿತ್ತು.

“ನನಗೇನ್ ಗೊತ್ತವಾ ತಂಗಿ,” ಎಂದ ಅನಿಲ. “ಎಲ್ಲಾರೂ ಬೋರಲು ಹಾಕಿದ್ರು, ನಾನೂ ಹಾಕ್ದೆ. ನೊಣ ಕುಂಡ್ರಬಾರದು ಅಂತ ಇರಬೇಕು ಅನ್ಕೊಂಡೆ.”

ದಾರಿಯನ್ನೂ ಅವನೇ ಹೇಳಿದ. ಅವತ್ತು ಬಿಟ್ಟ ಮೂವತ್ತೈದು ಸಾವಿರವನ್ನು ಈಗ ಕಟ್ಟಿ, ಪೂರ್ತಿ ಮುಟ್ಟಿತು ಎಂದು ಬರೆಸಿಕೊಳ್ಳಬೇಕು. ಬರೆಸಿಕೊಂಡರೆ ಸಾಲದು, ಸ್ಕೋರಿನವರಿಗೆ ಕಂಪನಿ ಅದನ್ನು ಕಳಿಸಬೇಕು. ಕಳಿಸುವ ತನಕ ಬೆನ್ನು ಬಿಡಬಾರದು. ಹೆಡ್ ಆಫೀಸಿನ ನಂಬರ್ ಬರೆದುಕೊಟ್ಟ. ಹೊರಡುವಾಗ ಒಂದು ಚಾರ್ಜರ್ ಕೊಡಲು ಬಂದ, ಫ್ರೀ. ನಾನು ತೆಗೆದುಕೊಳ್ಳಲಿಲ್ಲ. ತಂತಿ ಬಹಳ ಗಿಡ್ಡವಿತ್ತು.

ನವೆಂಬರ್ 30, ಭಾನುವಾರ. ಮಸೂತಿ

ಅಪ್ಪ ಅಂಗಳದಲ್ಲಿ ಗಾದಿಗೆ ಟಾಕು ಹಾಕುತ್ತಿದ್ದ. ನಾನು ಎದುರಿಗೆ ಕೂತು ಬಟ್ಟೆಯ ಅಂಚು ಎಳೆದು ಹಿಡಿದುಕೊಂಡೆ. ಇದು ಸಣ್ಣವಳಿದ್ದಾಗಿನ ನನ್ನ ಕೆಲಸ. ಹಿಡಿದುಕೊಂಡರೆ ಅಪ್ಪ ಎದ್ದು ಹೋಗಲು ಬರುವುದಿಲ್ಲ, ಹೊಲಿಗೆ ಸಡಿಲಾಗುತ್ತದೆ. ಅದನ್ನೇ ಲೆಕ್ಕ ಹಾಕಿ ಕೂತೆ.

ಮೂವತ್ತೈದು ಸಾವಿರದ ವಿಷಯ ಹೇಳಿದೆ. ಅವನು ಕೈ ನಿಲ್ಲಿಸಲಿಲ್ಲ. ಬಿಟ್ಟುಕೊಟ್ಟದ್ದನ್ನು ಈಗ ಹೋಗಿ ಕೊಟ್ಟರೆ ಅವತ್ತು ಕೂತ ಹಿರಿಯರು ಹುಚ್ಚರಾಗುತ್ತಾರೆ ಎಂದ. ಬಿಡಿಸಿಕೊಳ್ಳಲು ಅವತ್ತು ತಲೆ ತಗ್ಗಿಸಿದ್ದೇನೆ, ಅದನ್ನೂ ವಾಪಸ್ ಕೊಡುತ್ತಾರೇನು ಎಂದ. ನಾನು ಸ್ಕೋರ್, ರೆಕಾರ್ಡ್, ಏಳು ವರ್ಷ ಅಳಿಸದ ಗೆರೆ ಎಂದೆಲ್ಲ ಹೇಳಿದೆ. ಸಾಲಿ ಹುಡುಗರು ಪಾಠ ಒಪ್ಪಿಸುವ ಹಾಗೆ ಹೇಳುತ್ತೀಯ ಎಂದ.

“ಅಂವ ಕಪ್ಪು ಬೋರಲು ಹಾಕಿದ್ದನ್ನ ನಾ ನನ್ನ ಕಣ್ಣಾರೆ ನೋಡೇನಿ.”

ಆಗ ಅನಿಲನನ್ನು ಕಂಡು ಬಂದದ್ದನ್ನು ಹೇಳಬೇಕಾಯಿತು. ನೊಣದ ಮಾತೂ ಹೇಳಿದೆ.

ದಬ್ಬಣ ಬಟ್ಟೆಯಲ್ಲಿ ಅರ್ಧ ಹೋಗಿ ನಿಂತಿತು. ಅಪ್ಪ ಅದನ್ನು ಎಳೆಯಲಿಲ್ಲ. ನಗುತ್ತಾನೆ ಅಂದುಕೊಂಡೆ, ನಗಲಿಲ್ಲ. ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

“ಅಂದ್ರ,” ಎಂದ ಅಪ್ಪ, “ನಾಕ ವರ್ಷದಿಂದ ನಾನೊಬ್ಬನ ಮುಗಿಸಿಕೊಂಡು ಕುಂತೇನಿ.”

ಆಮೇಲೆ ಹೊಲಿಗೆ ಮುಂದುವರಿಸಿದ. ನಾನು ಅಂಚು ಹಿಡಿದುಕೊಂಡೇ ಇದ್ದೆ. ಸಂಜೆ ಬಸ್ಸು ತಪ್ಪಿತು. ಸೋಮವಾರದ ಮೊದಲ ಪೀರಿಯಡ್ ಹೋಯಿತು. ಹೋಗಲಿ.

ಡಿಸೆಂಬರ್ 4, ಗುರುವಾರ

ಅವ್ವ ಫೋನಿನಲ್ಲಿ ಅರ್ಧ ತಾಸು ಹೇಳಿದಳು. ಅಪ್ಪ ಶಂಕ್ರೆಪ್ಪನವರ ಅಂಗಡಿಗೆ ಹೋಗಿದ್ದನಂತೆ. ಅವತ್ತು ಕೂತಿದ್ದ ಹಿರಿಯರನ್ನೇ ಕರೆಸಿದನಂತೆ. ಯಾರೂ ಬಿಟ್ಟುಕೊಟ್ಟಿಲ್ಲ, ಯಾರ ಬಾಕಿಯೂ ಇಲ್ಲ, ಆದರೂ ತಾನೇ ಚಹಾ ಹೇಳಿದನಂತೆ. ಅವತ್ತು ನೀವು ಮುಗಿಸಿದ್ದನ್ನು ನಾನೇ ಎತ್ತಬೇಕಾಗಿದೆ, ಪೂರ್ತಿ ಕೊಡುತ್ತೇನೆ, ನಿಮ್ಮ ಮಾತಿಗೆ ಅವಮಾನ ಅಂತ ತಿಳಿಯಬೇಡಿ ಎಂದನಂತೆ.

ಶಂಕ್ರೆಪ್ಪನವರು “ಕುತುಬಣ್ಣಾ, ನಮ್ಮ ಅಂಗಡ್ಯಾಗ ಕೊಡೂದಿಲ್ಲ ಅಂತ ಜಗಳಾಡಿದವರನ್ನ ನೋಡೇನಿ. ಕೊಡ್ತೇನಿ ಅಂತ ಪರವಾನಗಿ ಕೇಳಾಕ ಬಂದವ ನೀನ ಮೊದ್ಲನೇದಾಂವ” ಎಂದರಂತೆ. ಎಲ್ಲರೂ ನಕ್ಕರಂತೆ. ಲಗ್ನದ ಸೀಜನ್ನಿಗೆ ಬೇಕಾದ ಅರಳಿಯನ್ನೆಲ್ಲ ಉದ್ರಿ ಒಯ್ಯಿ, ಕೈಗೆ ಬಂದ ರೊಕ್ಕವನ್ನು ಮೊದಲು ಅಲ್ಲಿ ಕಟ್ಟು ಎಂದರಂತೆ.

ಇದೆಲ್ಲ ಅಪ್ಪ ಹೇಳಿದನಾ ಎಂದು ಕೇಳಿದೆ. “ಅಂವ ಎಲ್ಲಿ ಹೇಳ್ತಾನ. ಸಾಹುಕಾರ್ರ ಸೊಸಿ ಹೇಳಿದ್ಲು,” ಎಂದಳು ಅವ್ವ.

ಮಾಮಾನ ಫಾರ್ಮ್ ಬ್ಯಾಗಿನಲ್ಲೇ ಇದೆ. ಮಡಿಕೆ ಬೀಳದಿರಲಿ ಎಂದು ಫಿಸಿಯಾಲಜಿ ಪುಸ್ತಕದಲ್ಲಿಟ್ಟಿದ್ದೇನೆ. ಮುಂದಿನ ವಾರ ನೋಡೋಣ.

ಡಿಸೆಂಬರ್ 15

ಎರಡು ವಾರಾಂತ್ಯ ಊರಲ್ಲೇ. ಒಂಬತ್ತು ಲಗ್ನದ ಆರ್ಡರ್. ಒಂದೊಂದಕ್ಕೂ ಎರಡು ಗಾದಿ, ನಾಲ್ಕು ದಿಂಬು, ಒರಗುವ ಲೋಡು ಬೇರೆ. ಅಪ್ಪ ಮಷಿನ್ನಿಗೆ ಅರಳಿ ಕೊಡುತ್ತಾನೆ, ಅವ್ವ ತುಂಬುತ್ತಾಳೆ, ನಾನು ಮೂಲೆ ಹೊಲಿಯುತ್ತೇನೆ. ಮೂಗಿನೊಳಗೆಲ್ಲ ಅರಳಿ. ಲ್ಯಾಬಿನಲ್ಲಿ ಇಂಜೆಕ್ಷನ್ ಪ್ರ್ಯಾಕ್ಟಿಸ್ ಮಾಡುವಾಗ ನನ್ನ ಬೆರಳ ತುದಿ ನೋಡಿ ಸಿಸ್ಟರ್ ಏನಾಯಿತು ಎಂದರು. ಗಾದಿ ಹೊಲಿಯುವಾಗ ದಬ್ಬಣ ಚುಚ್ಚಿತು, ನಮ್ಮಪ್ಪ ಗಾದಿ ಮಾಡುತ್ತಾನೆ ಎಂದೆ. ಹಾಗಾದರೆ ಸೂಜಿಯ ಹೆದರಿಕೆ ಇರುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ನನ್ನ ಕೈಗೇ ಸಿರಿಂಜ್ ಕೊಟ್ಟರು. ಸರಿಯಾಗಿ ಮಾಡಿದೆ. ಅನಾಟಮಿ ಟೆಸ್ಟಿನಲ್ಲಿ ಮಾತ್ರ ಇಪ್ಪತ್ತೈದಕ್ಕೆ ಹನ್ನೊಂದು.

ಡಿಸೆಂಬರ್ 20, ಶನಿವಾರ

ಕಟ್ಟಿದೆವು. ಬಾಗೇವಾಡಿಯ ಆನ್‌ಲೈನ್ ಸೆಂಟರಿನಲ್ಲಿ ಅಪ್ಪ ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟ. ರಸೀದಿಯನ್ನು ಅವನ ಕೈಗೇ ಕೊಡಿ ಎಂದೆ.

ಲೆಟರಿಗಾಗಿ ಹೆಡ್ ಆಫೀಸಿಗೆ ಫೋನ್ ಹಚ್ಚಿದೆ. ಕನ್ನಡದಲ್ಲಿ ಮಾತಾಡಿದರೆ ಲೈನ್ ಹೋಲ್ಡಿಗೆ ಹಾಕುತ್ತಾರೆ, ಇಂಗ್ಲಿಷಿನಲ್ಲಿ ಮಾತಾಡಿದರೆ ಸಾರಿ ಹೇಳಿ ಹೋಲ್ಡಿಗೆ ಹಾಕುತ್ತಾರೆ. ಸಂಜೆ ಪಿಡಿಎಫ್ ಬಂತು. ಓದಿದರೆ ಮತ್ತೆ ಅದೇ, ಅರ್ಧಕ್ಕೆ ಮುಗಿದ ಖಾತೆ, ಹೆಚ್ಚುವರಿ ಹಣ ಬಂದಿದೆ. ಹೆಚ್ಚುವರಿ ಅಂತೆ. ಮತ್ತೆ ಫೋನ್ ಮಾಡಿದೆ. ಅಪ್ಪ ಪಕ್ಕದಲ್ಲೇ ನಿಂತು, ನಾನೇನು ಹೇಳುತ್ತಿದ್ದೇನೆಂದು ತಿಳಿಯದಿದ್ದರೂ, ನನ್ನ ಬಾಯನ್ನೇ ನೋಡುತ್ತಿದ್ದ. ನೀವು ಬಿಟ್ಟದ್ದನ್ನೂ ಸೇರಿಸಿ ಒಂದು ರೂಪಾಯಿ ಉಳಿಯದ ಹಾಗೆ ಕೊಟ್ಟಿದ್ದೇವೆ, ಹಾಗೆಂದೇ ಬರೆದುಕೊಡಿ, ಬರೆಯುವ ತನಕ ನಾನು ಫೋನ್ ಇಡುವುದಿಲ್ಲ ಎಂದೆ. ಹಾಗೆ ಹೇಳಿದವಳು ನಾನೇ. ಮೂರನೇ ಸಲಕ್ಕೆ ಸರಿಯಾದ ಲೆಟರ್ ಬಂತು.

ಹೊರಗೆ ಬಂದ ಮೇಲೆ ಅಪ್ಪ ಕಬ್ಬಿನ ಹಾಲು ಕುಡಿಸಿದ. “ಭಾಳ ಜೋರ್ ಮಾಡ್ತಿ ಹುಡುಗಿ,” ಎಂದ. ನವೆಂಬರಿನಿಂದ ಈಚೆಗೆ ಅವನಾಗಿ ಆಡಿದ ಮೊದಲ ಮಾತು.

ಜನವರಿ 3

ರೆಕಾರ್ಡಿನಲ್ಲಿ ಏನೂ ಬದಲಾಗಿಲ್ಲ. ದಿನಕ್ಕೆ ಎರಡು ಸಲ ನೋಡುತ್ತೇನೆ. ಆನ್‌ಲೈನಿನಲ್ಲಿ ತಕರಾರು ಹಾಕಿ ಲೆಟರ್ ಅಪ್‌ಲೋಡ್ ಮಾಡಿದೆ. ಮೂವತ್ತು ದಿನ ಎನ್ನುತ್ತಾರೆ. ಮೂವತ್ತು ದಿನ ಎಂದರೆ ಫೆಬ್ರುವರಿ ಎರಡು. ಫೀಸು ಹತ್ತಕ್ಕೆ.

ಜನವರಿ 12, ಸೋಮವಾರ

ಮಾಮಾನ ಫೋನ್. ಫಾರ್ಮ್ ಕೊಟ್ಟೆಯಾ ಎಂದ. ಇಲ್ಲ ಎಂದೆ. ಯಾಕೆ ಎಂದ. ಗದ್ದಲ ಇತ್ತು ಎಂದೆ.

“ಎರಡ ತಿಂಗಳಿಂದ ಗದ್ದಲ ಐತೇನ್ ಬ್ಯಾಂಕಿನ್ಯಾಗ? ಜಾತ್ರಿ ನಡಸ್ಯಾರೇನು? ನೋಡು ಹುಮಾ, ಅಪ್ಪನ ಹೆಸರ ತೊಳ್ಯಾಕ ಹೋಗಿ ನಿನ್ನ ವರ್ಷ ತೊಳಕೊಂಡ ಹೋದೀತು.”

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅದಕ್ಕೇ ಸಿಟ್ಟು ಬಂತು. ಅಪ್ಪನ ಬಗ್ಗೆ ಹಾಗೆ ಮಾತಾಡಬೇಡ ಮಾಮಾ ಎಂದೆ. ಹಾಗೇನು ಮಾತಾಡಿದೆ ಎಂದು ಅವನು ನಿಜವಾಗಿಯೂ ಕೇಳಿದ. ಫೋನ್ ಇಟ್ಟುಬಿಟ್ಟೆ.

ಫಾರ್ಮ್ ತೆಗೆದು ನೋಡಿದೆ. ನಾಳೆ ಕೊಡಬೇಕು. ಕೊಟ್ಟರೆ ಎಲ್ಲ ಮುಗಿಯುತ್ತದೆ, ನಿದ್ದೆಯಾದರೂ ಬರುತ್ತದೆ.

ಜನವರಿ 13

ಕೊಡಲಿಲ್ಲ. ಅನಾಟಮಿ ಇತ್ತು.

ಜನವರಿ 21, ಬುಧವಾರ

ಬದಲಾಗಿದೆ. ಮಧ್ಯಾಹ್ನ ಊಟದ ಸಾಲಿನಲ್ಲಿ ನಿಂತು ಮೊಬೈಲ್ ತೆರೆದೆ. ಹಳೆಯ ಗೆರೆ ಇಲ್ಲ. ಪೂರ್ತಿ ಪಾವತಿಯಾಗಿ ಮುಚ್ಚಿದ ಖಾತೆ ಎಂದಿದೆ. ತಟ್ಟೆ ಅಲ್ಲೇ ಇಟ್ಟು ಬ್ಯಾಂಕಿಗೆ ಓಡಿದೆ.

ಸ್ಕೋರ್ 594. ಏಳುನೂರಾದರೂ ಆಗಿರುತ್ತದೆ ಎಂದುಕೊಂಡಿದ್ದೆ. ಭುವನೇಶ್ವರಿ ಮ್ಯಾಡಮ್ ನನ್ನ ಮುಖ ನೋಡಿ ನೀರು ಕೊಟ್ಟರು. ಬೀಳುವುದು ಒಂದೇ ದಿನ, ಏರುವುದು ತಿಂಗಳು ತಿಂಗಳು ಎಂದರು. ಒಂದು ಸಣ್ಣ ಸಾಲ ಹೆಸರಿನಲ್ಲಿದ್ದು ತಪ್ಪದೆ ಕಟ್ಟುತ್ತಾ ಹೋದರೆ ಒಂದೂವರೆ ಎರಡು ವರ್ಷದಲ್ಲಿ ಮೇಲೆ ಬರುತ್ತದೆ. ನಿನ್ನ ಓದಿನ ಸಾಲಕ್ಕೆ ಅವರೇ ಸಹಿ ಹಾಕಿ ತಿಂಗಳ ಬಡ್ಡಿ ಕಟ್ಟಿದರೂ ಆಯಿತು, ಅದೂ ಅವರ ಲೆಕ್ಕಕ್ಕೇ ಸೇರುತ್ತದೆ ಎಂದರು.

ಹಾಗಾದರೆ ಅಪ್ಪನ ಸಹಿ ನಡೆಯುತ್ತದಾ ಎಂದು ಕೇಳಿದೆ.

ಅವರು ಪೆನ್ನು ಕೆಳಗಿಟ್ಟು ಸ್ಪಷ್ಟವಾಗಿ ಹೇಳಿದರು. “ಖಾತ್ರಿ ಕೊಡಾಕ ಆಗೂದಿಲ್ಲ. ಪೂರ್ತಿ ಕೊಟ್ಟಾರ ಅಂತ ನಾ ಮ್ಯಾಲಿನವರಿಗೆ ಬರೀತೇನಿ. ಅವರು ಹೂಂ ಅಂದ್ರ ಆತು. ಉಹುಂ ಅಂದ್ರ ಮಾಮಾನ ಹೆಸರಿಲೆ ಮತ್ತ ಮಾಡಾಕ ವ್ಯಾಳ್ಯಾ ಇರೂದಿಲ್ಲ. ಮಾಮಾಂದು ಕೊಟ್ರ ವಾರದಾಗ ಮಂಜೂರು.”

ಸಹಿ ಯಾರದಾದರೂ ಸರಿ, ಅರ್ಜಿ ಕೊಡಲು ಮೂವತ್ತನೆಯ ತಾರೀಖು ಶುಕ್ರವಾರ ಕಡೆಯ ದಿನ. ಅಪ್ಪನದಾದರೆ ಅವನೇ ಎದುರಿಗೆ ಬಂದು ಸಹಿ ಹಾಕಬೇಕು.

ಜನವರಿ 25, ಭಾನುವಾರ. ಮಸೂತಿ, ಆಮೇಲೆ ಬಸ್ಸಿನಲ್ಲಿ

ರೆಕಾರ್ಡಿನ ಪ್ರಿಂಟ್ ಒಯ್ದಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು, ಇಂಗ್ಲಿಷ್ ಬಾರದಿದ್ದರೂ, ಮೇಲಿನಿಂದ ಕೆಳಗಿನ ತನಕ ನೋಡಿದ. ತನ್ನ ಹೆಸರು ಎಲ್ಲಿದೆ ಎಂದು ಕೇಳಿದ. ತೋರಿಸಿದೆ. ಅದರ ಮೇಲೆ ಬೆರಳಿಟ್ಟ.

ಮ್ಯಾಡಮ್ ಹೇಳಿದ್ದನ್ನು ಇದ್ದಹಾಗೆ ಹೇಳಿದೆ. ಒಂದು ಮಾತು ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ಚೆನ್ನಾಗಿತ್ತೇನೋ.

“ಹಂಗಾದ್ರ ತಬ್ರೇಜನ ಹೆಸರ ಹಾಕು,” ಎಂದ.

ಯಾಕೆ ಎಂದೆ. ಹಾಗಾದರೆ ಡಿಸೆಂಬರಿನಲ್ಲಿ ನಾವು ಮೂವರೂ ಯಾತಕ್ಕೆ ಮೂಗಿನಲ್ಲಿ ಅರಳಿ ತುಂಬಿಕೊಂಡೆವು ಎಂದೆ. ಅದು ನನ್ನ ಸಲುವಾಗಿ, ನನ್ನದು ಮುಗಿಯಿತು, ಇನ್ನು ನಿನ್ನದು ನೋಡಿಕೊ ಎಂದ. ಶಂಕ್ರೆಪ್ಪನವರ ಅಂಗಡಿಯಲ್ಲಿ ಅಷ್ಟು ಧೈರ್ಯ ಮಾಡಿದವನು ಮುದ್ದೇಬಿಹಾಳದ ಬ್ಯಾಂಕಿಗೆ ಬರಲು ಅಂಜುತ್ತೀಯಾ ಎಂದೆ. ಇದನ್ನು ಹೇಳಬಾರದಿತ್ತು. ಅವ್ವ ನನ್ನ ತೋಳು ಹಿಡಿದು ಜಗ್ಗಿದಳು.

“ಅಂಜ್ತೇನಿ,” ಎಂದ ಅಪ್ಪ. “ಅಲ್ಲಿ ನನಗ ಯಾರ ಗುರುತದಾರು? ನನ್ನ ಹೆಸರಿನ ಮ್ಯಾಲೆ ನಿನ್ನ ವರ್ಷ ಇಡಬ್ಯಾಡ ಯವ್ವಾ.”

ಎದ್ದು ಹೋದ. ನಾನೂ ಊಟ ಮಾಡದೆ ಬಸ್ಸು ಹತ್ತಿದೆ. ಅವ್ವ ಬುತ್ತಿಯನ್ನು ಕಿಟಕಿಯಿಂದ ತೂರಿದಳು. ಬಸ್ಸು ಕುಲುಕುವುದಕ್ಕೆ ಅಕ್ಷರ ಸೊಟ್ಟ ಬರುತ್ತಿವೆ.

ಅವನು ಹೇಳಿದ್ದು ಸರಿ, ಮಾಮಾ ಹೇಳಿದ್ದೂ ಸರಿ, ಮ್ಯಾಡಮ್ ಹೇಳಿದ್ದೂ ಸರಿ. ಎಲ್ಲರೂ ಸರಿಯಿದ್ದರೆ ನನಗೇಕೆ ಇಷ್ಟು ಸಂಕಟ?

ಜನವರಿ 27, ಮಂಗಳವಾರ

ಎರಡು ದಿನ ಫೋನ್ ಇಲ್ಲ. ಅಪ್ಪನೂ ಮಾಡಿಲ್ಲ, ನಾನೂ ಮಾಡಿಲ್ಲ. ಮತ್ತೆ ನವೆಂಬರಿನ ಹಾಗೆ.

ಫಾರ್ಮ್ ಹಿಡಿದುಕೊಂಡು ಬ್ಯಾಂಕಿನ ಎದುರು ಹತ್ತು ನಿಮಿಷ ನಿಂತೆ. ಇವತ್ತು ಒಳಗೆ ಗದ್ದಲವೇನೂ ಇರಲಿಲ್ಲ. ಇಬ್ಬರೇ ಇದ್ದರು.

ಜನವರಿ 28, ಬುಧವಾರ

ನಮ್ಮ ಓಣಿಯ ಜೋಹರಾಬಿ ಕಾಕು ಇಲ್ಲಿನ ದವಾಖಾನೆಗೆ ಬಂದಿದ್ದಾರೆ, ನಾಲ್ಕು ಗಂಟೆಯ ಬಸ್ಸಿಗೆ ವಾಪಸ್ ಹೋಗುತ್ತಾರೆ. ಅವ್ವನ ಫೋನಿಗೆ ಕಳಿಸಿದರೆ ಅವ್ವ ಓದಿ ಹೇಳುತ್ತಾಳೆ. ಅಪ್ಪನೇ ಓದಬೇಕು. ನಿಧಾನವಾಗಿಯಾದರೂ ಕನ್ನಡ ಓದುತ್ತಾನೆ, ದೊಡ್ಡ ಅಕ್ಷರದಲ್ಲಿ ಬರೆದರೆ. ಬೇರೆ ಹಾಳೆಯಲ್ಲಿ ಬರೆದು ಮಡಿಚಿ ಅವನ ಕೈಗೇ ಕೊಡಿ ಎಂದು ಕಾಕುನ ಕಡೆ ಕೊಡುತ್ತೇನೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಅಪ್ಪಾ,

ಎದುರಿಗೆ ಹೇಳಾಕ ಬಂದ್ರ ನೀ ಎದ್ದು ಹೋಗ್ತಿ, ನಾ ಅಳ್ತೇನಿ. ಅದಕ್ಕ ಬರ್ಯಾಕತ್ತೇನಿ.

ಅಂಜ್ತೀಯೇನು ಅಂತ ಕೇಳಿದ್ದು ತಪ್ಪಾತು. ನಾನೂ ಅಂಜ್ತೇನಿ. ದಿನಾ ಅಂಜ್ತೇನಿ.

ಅಲ್ಲಿ ನನಗ ಯಾರ ಗುರುತದಾರು ಅಂದಿ. ನಾ ಅದೇನಿ. ಮ್ಯಾನೇಜರ್ ಮ್ಯಾಡಮ್‌ಗ ನಿನ್ನ ಬಗ್ಗೆ ಎಲ್ಲಾ ಹೇಳೇನಿ. ಹನ್ನೊಂದು ವರ್ಷದಾಂವ ಇದ್ದಾಗಿಂದ ಗಾದಿ ಹೊಲ್ಯಾಕತ್ತೀ ಅನ್ನೂದೂ ಹೇಳೇನಿ. ನಾಕ ಕಡೆ ಸಹಿ ಐತಿ, ಎಲ್ಲಿ ಅಂತ ನಾ ಬೆರಳಿಟ್ಟು ತೋರಸ್ತೇನಿ.

ನಿನ್ನ ಹೆಸರಿನ ಮ್ಯಾಲೆ ನನ್ನ ವರ್ಷ ಇಡಬ್ಯಾಡ ಅಂದಿ. ಇಡಾಕಿ ನಾನು. ಅವರು ಉಹುಂ ಅಂದ್ರ ನನ್ನ ವರ್ಷ ಹೋಗ್ತೈತಿ, ಅದು ನನಗ ಗೊತ್ತೈತಿ. ಹೋದ್ರ ಒಂದ ವರ್ಷ ನಿನ್ನ ಜೋಡಿ ಮೂಲಿ ಹೊಲದು ಮುಂದಿನ ವರ್ಷ ಪರೀಕ್ಷೆ ಬರೀತೇನಿ. ಹೂಂ ಅಂದ್ರ ಪ್ರತಿ ತಿಂಗಳ ಐದನೇ ತಾರೀಖಿಗೆ ನಿನಗ ಫೋನ್ ಮಾಡ್ತೇನಿ, ಬಡ್ಡಿ ಕಟ್ಟಿದಿ ಇಲ್ಲೋ ಅಂತ. ಭಾಳ ಜೋರ್ ಮಾಡ್ತೇನಿ.

ಮಾಮಾನ ಫಾರ್ಮ್ ನನ್ನ ಕಡೇನ ಐತಿ. ನೀ ಬರೂದಿಲ್ಲ ಅಂದ್ರ ಶುಕ್ರವಾರ ಅದನ್ನ ಕೊಡ್ತೇನಿ. ಸಿಟ್ಟ ಮಾಡೂದಿಲ್ಲ. ಆದ್ರ ಬರೂದಿಲ್ಲ ಅಂತ ನೀನ ಬಾಯಿಬಿಟ್ಟು ಹೇಳಬೇಕು. ಸುಮ್ಮನ ಕುಂತ್ರ ಅದನ್ನ ನಾ ಉತ್ತರ ಅಂತ ತಿಳ್ಕೊಳ್ಳೂದಿಲ್ಲ.

ಶುಕ್ರವಾರ ಹನ್ನೊಂದಕ್ಕ ಬ್ಯಾಂಕಿನ ಬಾಗಿಲಾಗ ನಿಂತಿರ್ತೇನಿ. ಬರ್ತೀಯೋ ಇಲ್ಲೋ, ನಾಳೆ ಮುಂಜಾನೆ ನಾ ಕಾಲೇಜಿಗೆ ಹೋಗೂದರೊಳಗ ಫೋನ್ ಮಾಡಿ ತಿಳಿಸು.